ಎರಡು ತಿಂಗಳಲ್ಲಿ ಮುನ್ನೂರು ಚಳಿಗಾಲ

ಬೆಳಗಿನ ಆರಕ್ಕೆ ಇನ್ನೂ ಕಾಲು ಗಂಟೆ ಇದೆ. ಪ್ರಯೋಗಾಲಯದ ಹಿಂಬಾಗಿಲು ತೆರೆಯಲು ಕೀಲಿ ಒಂದೇ ಸಾಲದು. ಎರಡು ಸುತ್ತು ತಿರುಗಿಸಿ, ಬಾಗಿಲಿಗೆ ಮೊಣಕಾಲಿನಿಂದ ಒಂದು ಗುದ್ದು ಕೊಡಬೇಕು. ಗುದ್ದು ಎಲ್ಲಿ, ಎಷ್ಟು ಎಂಬುದು ಇಡೀ ಕಚೇರಿಯಲ್ಲಿ ಒಬ್ಬರಿಗೇ ಗೊತ್ತು. ಅವರು ಒಳಗೆ ಬಂದು, ಚಪ್ಪಲಿ ಬಿಟ್ಟು ರಬ್ಬರ್ ಬೂಟು ಹಾಕಿಕೊಂಡು, ದೀಪ ಹಾಕುವ ಮೊದಲು ಕತ್ತಲಲ್ಲೇ ನಿಂತು ಕಿವಿಗೊಡುತ್ತಾರೆ. ಮೂಲೆಯಲ್ಲಿ ಜೋಡಿ ಮಂಚದಷ್ಟು ದೊಡ್ಡ ಉಕ್ಕಿನ ಪೆಟ್ಟಿಗೆಯೊಂದು ಗುರ್ ಎನ್ನುತ್ತಿದೆ. "ಹೂಂ, ಇನ್ನೂ ಬದುಕಿದೆ," ಎಂದು ದೀಪ ಹಾಕುತ್ತಾರೆ.

ಪೆಟ್ಟಿಗೆಯ ಹಣೆಯ ಮೇಲೆ ಕೆಂಪು ಅಂಕಿಯಲ್ಲಿ ೩೦೦ ಎಂದು ಉರಿಯುತ್ತಿದೆ. ಇನ್ನು ಅರ್ಧ ಗಂಟೆಗೆ ಅದು ತಾನಾಗಿ ನಿಲ್ಲುತ್ತದೆ. ಅವರು ಮರದ ಸ್ಟೂಲು ಎಳೆದುಕೊಂಡು, ಜ್ವರ ನೋಡುವವರ ಹಾಗೆ ಮುಚ್ಚಳದ ಮೇಲೆ ಅಂಗೈ ಇಟ್ಟು ಕೂರುತ್ತಾರೆ. ಗುರ್ ಸದ್ದು ನಿಂತ ಮೇಲೂ ಏಳುವುದಿಲ್ಲ. "ನಿಂತ ಮೇಲೆ ಹತ್ತು ನಿಮಿಷ ಮುಚ್ಚಳ ತೆಗೀಬಾರ್ದು. ಮಲಗಿದ್ದವರನ್ನ ಎಬ್ಬಿಸಿದ ತಕ್ಷಣ ಲೆಕ್ಕ ಕೇಳ್ತೀವಾ? ಒಂಚೂರು ಕಣ್ಣು ಉಜ್ಜಿಕೊಳ್ಳಲಿ," ಎನ್ನುತ್ತಾರೆ.

ಇವರಿಗೆ ವಯಸ್ಸು ಐವತ್ತೊಂಬತ್ತು. ಹುದ್ದೆ ಪ್ರಯೋಗಾಲಯ ಸಹಾಯಕಿ. ಹಾಜರಿ ಪುಸ್ತಕದಲ್ಲಿ ಬೇರೆ ಹೆಸರೊಂದಿದೆ, ಆದರೆ ಅದನ್ನು ಕೂಗಿದರೆ ಅವರೇ ತಿರುಗಿ ನೋಡುವುದಿಲ್ಲ. ಕಾವಲುಗಾರನಿಂದ ಹಿಡಿದು ಮುಖ್ಯ ಇಂಜಿನಿಯರ್‌ವರೆಗೆ ಎಲ್ಲರಿಗೂ ಅವರು ಐಸಕ್ಕ.

ಐಸಕ್ಕನ ಪೆಟ್ಟಿಗೆ ಮಾಡುವ ಕೆಲಸ ಒಂದೇ, ಕಾಂಕ್ರೀಟಿಗೆ ಚಳಿ ಹಿಡಿಸುವುದು. ನೀರಲ್ಲಿ ಮುಳುಗಿಸಿದ ಕಾಂಕ್ರೀಟಿನ ತುಂಡುಗಳನ್ನು ಅದು ಸೊನ್ನೆಗಿಂತ ಹದಿನೆಂಟು ಡಿಗ್ರಿ ಕೆಳಗೆ ಒಯ್ದು, ಮಂಜುಗಡ್ಡೆಯಲ್ಲಿ ಹೂತು, ಮತ್ತೆ ನಾಲ್ಕು ಡಿಗ್ರಿಗೆ ತಂದು ಕರಗಿಸುತ್ತದೆ. ಒಂದು ಸುತ್ತಿಗೆ ಹತ್ತಿರ ಹತ್ತಿರ ಐದು ಗಂಟೆ. ದಿನಕ್ಕೆ ಐದು ಸುತ್ತು, ಅರವತ್ತು ದಿನಕ್ಕೆ ಮುನ್ನೂರು. ಹನ್ನೊಂದು ಲೋಟ ನೀರು ಹೆಪ್ಪುಗಟ್ಟಿದರೆ ಹನ್ನೆರಡು ಲೋಟದ ಜಾಗ ಕೇಳುತ್ತದೆ. ಕಾಂಕ್ರೀಟಿನ ಸಣ್ಣ ಸಣ್ಣ ತೂತುಗಳಲ್ಲಿ ಕುಳಿತ ನೀರೂ ಅದೇ ಹಟ ಹಿಡಿಯುತ್ತದೆ. ಜಾಗವಿದ್ದರೆ ಸರಿ, ಇಲ್ಲದಿದ್ದರೆ ಬಿರುಕು ಬಿಡಿಸಿಯಾದರೂ ಮಾಡಿಕೊಳ್ಳುತ್ತದೆ. ಊರು ಹಲವು ವರ್ಷಗಳಲ್ಲಿ ಕಾಣುವ ಚಳಿಯನ್ನು ಐಸಕ್ಕ ಎರಡೇ ತಿಂಗಳಲ್ಲಿ ತೋರಿಸಿ ಮುಗಿಸುತ್ತಾರೆ.

ಇಂದು ಪೆಟ್ಟಿಗೆಯಿಂದ ಹೊರಬರುವುದು ಊರಿನ ಹಳೇ ಆಸ್ಪತ್ರೆ. ಅಂದರೆ, ಕೆಡವಿದ ಆಸ್ಪತ್ರೆಯ ಗೋಡೆ, ಕಂಬ, ಸೂರುಗಳನ್ನು ಪುಡಿ ಮಾಡಿ ಜಲ್ಲಿ ಮಾಡಿ, ಆ ಜಲ್ಲಿಯಿಂದ ಹೊಸದಾಗಿ ಎರಕ ಹೊಯ್ದ ಕಾಂಕ್ರೀಟು. ಕಾಲುವೆಗೆ ಅಡ್ಡವಾಗಿ ಜನ ನಡೆದು ದಾಟಲು ಒಂದು ಸೇತುವೆ ಕಟ್ಟಬೇಕಾಗಿದೆ. ಕ್ವಾರಿಯಿಂದ ಹೊಸ ಕಲ್ಲು ತರುವ ಬದಲು ಸಾವಿರದ ಇನ್ನೂರು ಲಾರಿ ಲೋಡಿನಷ್ಟು ಬಿದ್ದಿರುವ ಈ ಹಳೇ ಕಲ್ಲನ್ನೇ ಬಳಸಬಹುದೇ ಎಂಬುದು ಸೇತುವೆ ಕಟ್ಟಿಸುವ ಸಮಿತಿಯ ಪ್ರಶ್ನೆ. ಉತ್ತರ ಹೇಳಬೇಕಾದದ್ದು ಆ ಕಾಂಕ್ರೀಟಿನ ಆರು ಚೌಕ ಗಟ್ಟಿಗಳು. ಒಂದೊಂದರ ನಡುವೆಯೂ ಹೆಬ್ಬೆರಳು ಗಾತ್ರದ ಕಂಬಿ ಹೂತಿದೆ. ಮುನ್ನೂರು ಸಲ ಹೆಪ್ಪುಗಟ್ಟಿ ಕರಗಿದ ಮೇಲೂ ಕಾಂಕ್ರೀಟು ಆ ಕಂಬಿಯನ್ನು ಬಿಗಿಯಾಗಿ ಹಿಡಿದುಕೊಂಡಿದ್ದರೆ ಸೇತುವೆ. ಕಂಬಿ ಜಾರಿದರೆ ಅಷ್ಟೂ ಕಲ್ಲು ಊರಾಚೆಯ ಗುಂಡಿಗೆ.

ಈ ಪರೀಕ್ಷೆ ನಡೆಯುತ್ತಿರುವುದು ಎರಡನೆಯ ಸಲ. ಮೊದಲ ಸಲ ಹಳೇ ಕಲ್ಲು ಸೋತಿತ್ತು. ಸೋಲಿಸಿದ್ದು ತಾನೇ ಎಂದು ಐಸಕ್ಕ ಹೇಳುತ್ತಾರೆ. ಮೂರನೆಯ ಅವಕಾಶವಿಲ್ಲ ಎಂದು ಸಮಿತಿ ಹೇಳಿದೆ.

*

ಮೂವತ್ತೊಂದು ವರ್ಷದ ಹಿಂದೆ ಐಸಕ್ಕ ಇಲ್ಲಿಗೆ ಬಂದದ್ದು ಜರಡಿ ತೊಳೆಯಲು. ಅವರ ಓದು ಹತ್ತನೆಯ ತರಗತಿಗೆ ನಿಂತಿತ್ತು. ಗಂಡ ಬಸ್ಸಿನ ಚಾಲಕ. ಮಗಳಿಗೆ ಆಗ ಎರಡು ವರ್ಷ. ಜರಡಿ ತೊಳೆಯುತ್ತ ಯಾವ ಜಲ್ಲಿ ಯಾವ ಜರಡಿಯಲ್ಲಿ ಸಿಕ್ಕಿಕೊಳ್ಳುತ್ತದೆ ಎಂದು ಕಲಿತರು. ನೆಲ ಗುಡಿಸುತ್ತ, ಒಡೆದ ಕಾಂಕ್ರೀಟಿನ ಚೂರು ನೋಡಿ ಅದು ಯಾಕೆ ಒಡೆಯಿತೆಂದು ಊಹಿಸಲು ಕಲಿತರು. ಶೀತಪೆಟ್ಟಿಗೆ ಬಂದ ವರ್ಷ ಅದರ ಹತ್ತಿರ ಯಾರೂ ಸುಳಿಯಲಿಲ್ಲ. ಕೈ ಮರಗಟ್ಟುವ ಕೆಲಸ, ಹೆಸರು ಬಾರದ ಕೆಲಸ. "ಅಕ್ಕ, ಇದನ್ನ ಸ್ವಲ್ಪ ನೋಡ್ಕೊಳ್ಳಿ, ನಾಕು ದಿನ" ಎಂದು ಆಗಿನ ಇಂಜಿನಿಯರ್ ಹೇಳಿ ಹೋದರು. ಆ ನಾಲ್ಕು ದಿನ ಇನ್ನೂ ಮುಗಿದಿಲ್ಲ.

ಪೆಟ್ಟಿಗೆಯೊಳಗೆ ಹದಿನೆಂಟು ಉದ್ದ ತುಂಡುಗಳು, ಹನ್ನೆರಡು ಗಟ್ಟಿಗಳು: ಹಳೇ ಕಲ್ಲಿನವು ಆರು, ಹೋಲಿಸಿ ನೋಡಲು ಹೊಸ ಕಲ್ಲಿನವು ಆರು. ಉದ್ದ ತುಂಡು ಒಂಬತ್ತೂವರೆ ಕೇಜಿ, ಗಟ್ಟಿ ಎಂಟು. ಆರು ದಿನಕ್ಕೊಮ್ಮೆ ಎಲ್ಲವನ್ನೂ ಹೊರಗೆತ್ತಿ, ಒರೆಸಿ, ತೂಗಿ, ತಲೆಕೆಳಗು ಮಾಡಿ ಬೇರೆ ಜಾಗದಲ್ಲಿ ಇಡಬೇಕು. ಹತ್ತಿರ ಹತ್ತಿರ ಇನ್ನೂರ ಎಪ್ಪತ್ತು ಕೇಜಿ ಎತ್ತಿ ಮತ್ತೆ ಇಳಿಸಬೇಕು, ಅದೂ ಎಂಟು ಗಂಟೆಯೊಳಗೆ, ಏಕೆಂದರೆ ಪೆಟ್ಟಿಗೆಯನ್ನು ಹೆಚ್ಚು ಹೊತ್ತು ಖಾಲಿ ಬಿಡುವಂತಿಲ್ಲ. ಜಾಗ ಬದಲಿಸುವುದು ಶಿಸ್ತಿಗಾಗಿ ಮಾತ್ರವಲ್ಲ. ಪೆಟ್ಟಿಗೆಯ ಎಡ ಹಿಂಭಾಗದ ಮೂಲೆ ಉಳಿದೆಲ್ಲ ಕಡೆಗಿಂತ ಒಂದೂವರೆ ಡಿಗ್ರಿ ಹೆಚ್ಚು ತಣ್ಣಗೆ. ತಯಾರಕರ ಕೈಪಿಡಿಯಲ್ಲಿ ಈ ಮಾತಿಲ್ಲ. ಐಸಕ್ಕ ಕೈಯಿಟ್ಟು ಕಂಡುಹಿಡಿದು, ಆ ಮೂಲೆಗೆ 'ಅತ್ತೆಮನೆ' ಎಂದು ಹೆಸರಿಟ್ಟಿದ್ದಾರೆ. "ಎಲ್ಲರೂ ಒಂದೊಂದು ಸಲ ಹೋಗಿ ಬರ್ಲೇಬೇಕು. ಒಬ್ಬಳನ್ನೇ ಅಲ್ಲಿ ಬಿಟ್ಟು, ನೀನು ಸೊರಗಿದೀಯ ಅಂದ್ರೆ ನ್ಯಾಯ ಅಲ್ಲ."

ಬೆರಳ ತುದಿಗಳು ಚಳಿಗೆ ಸೀಳಿ ಸೀಳಿ ಗಟ್ಟಿಯಾಗಿವೆ. ಕಚೇರಿಗೆ ಬೆರಳಚ್ಚಿನ ಹಾಜರಿ ಯಂತ್ರ ಬಂದಾಗ ಅದು ಐಸಕ್ಕನನ್ನು ಮೂರು ತಿಂಗಳು ಗುರುತಿಸಲೇ ಇಲ್ಲ. ದಿನವೂ ಎಲ್ಲರಿಗಿಂತ ಮೊದಲು ಬರುವವರು ಮೂರು ತಿಂಗಳು ಗೈರುಹಾಜರಾಗಿದ್ದರು. "ಕೊನೆಗೆ ಕಿರುಬೆರಳು ಒಪ್ಕೊಂಡಿತು," ಎಂದು ಬೆರಳು ಎತ್ತಿ ತೋರಿಸುತ್ತಾರೆ. "ಅದೊಂದು ಕೆಲಸ ಕದೀತಿತ್ತು, ಅದಕ್ಕೇ ನುಣ್ಣಗಿತ್ತು."

ಹಳೇ ಕಲ್ಲಿನ ಕಷ್ಟ ಅದರ ದಾಹ. ಪುಡಿ ಮಾಡಿದ ಜಲ್ಲಿಯ ಮೈಗೆ ಹಿಂದಿನ ಜನ್ಮದ ಗಾರೆ ಅಂಟಿಕೊಂಡೇ ಬರುತ್ತದೆ. ಆಸ್ಪತ್ರೆಯ ಹಸಿರು ಬಣ್ಣದ ಚಕ್ಕೆ ಹೊತ್ತ ಕಲ್ಲುಗಳೂ ರಾಶಿಯಲ್ಲಿವೆ. ಆ ಗಾರೆ ಸ್ಪಂಜಿನ ಹಾಗೆ ನೀರು ಕುಡಿಯುತ್ತದೆ. ಒಣಗಿದ್ದಾಗಲೇ ಬೆರೆಸಿದರೆ ಸಿಮೆಂಟಿಗೆಂದು ಹಾಕಿದ ನೀರನ್ನೆಲ್ಲ ತಾನೇ ಹೀರಿ, ಕಾಂಕ್ರೀಟನ್ನು ಕೈಯಲ್ಲೇ ಗಟ್ಟಿ ಮಾಡುತ್ತದೆ. ತುಂಬಾ ಒದ್ದೆ ಇದ್ದರೆ ಹೆಚ್ಚಿನ ನೀರು ಕಂಬಿಯ ಸುತ್ತ ಸೇರಿ ಹಿಡಿತ ಕೆಡಿಸುತ್ತದೆ. ಹಾಗಾಗಿ ಒಂದು ಹಗಲು ಒಂದು ರಾತ್ರಿ ನೆನೆಹಾಕಿ, ಹಳೇ ಬೆಡ್‌ಶೀಟಿನ ಮೇಲೆ ಹರಡಿ, ಟವೆಲಿನಿಂದ ಉಜ್ಜಬೇಕು. "ಮೈ ಒರೆಸ್ಬೇಕು, ಹೊಟ್ಟೆ ತುಂಬಿರ್ಬೇಕು. ಹೊಳಪು ಹೋದ ತಕ್ಷಣ ನಿಲ್ಲಿಸ್ಬೇಕು. ಮಗೂಗೆ ಸ್ನಾನ ಮಾಡಿಸಿದವರಿಗೆ ಇದನ್ನ ಹೇಳ್ಕೊಡೋದೇ ಬೇಡ. ಇಂಜಿನಿಯರ್‌ಗಳಿಗೆ ಎರಡು ವಾರ ಬೇಕು," ಎನ್ನುತ್ತಾರೆ ಐಸಕ್ಕ. ಈಗಿನ ಮುಖ್ಯ ಇಂಜಿನಿಯರ್ ಈ ಮಾತು ಕೇಳಿಸಿಕೊಂಡು ತಲೆಯಾಡಿಸುತ್ತಾರೆ. ಹದಿನಾರು ವರ್ಷದ ಹಿಂದೆ ಅವರಿಗೂ ಎರಡು ವಾರ ಹಿಡಿದಿತ್ತು.

*

ತಪ್ಪು ನಡೆದದ್ದು ಇದೇ ಉಜ್ಜುವ ಕೆಲಸದಿಂದ.

ಕಾಂಕ್ರೀಟು ಹೊಯ್ಯುವ ಕಬ್ಬಿಣದ ಅಚ್ಚುಗಳಿಗೆ ಒಳಗಡೆ ತೆಳುವಾಗಿ ಎಣ್ಣೆ ಬಳಿಯುತ್ತಾರೆ. ಬಳಿಯದಿದ್ದರೆ ಕಾಂಕ್ರೀಟು ಅಚ್ಚಿಗೇ ಕಚ್ಚಿಕೊಳ್ಳುತ್ತದೆ. ಕಂಬಿ ಇರುವ ಅಚ್ಚಾದರೆ ಐಸಕ್ಕನ ಕ್ರಮ ಎಂದೂ ಒಂದೇ: ಮೊದಲು ಎಣ್ಣೆ, ಆಮೇಲೆ ಅಚ್ಚನ್ನು ಬೋರಲು ಹಾಕಿ ಎಣ್ಣೆ ಸೋರಿಹೋಗಲು ಒಂದು ಗಂಟೆ, ಅದಾದ ಮೇಲೆ ಕಂಬಿ. ಕಂಬಿಗೆ ಎಣ್ಣೆ ತಾಗಿದರೆ ಕಾಂಕ್ರೀಟಿನ ಕೈ ಜಾರುತ್ತದೆ. ಇದು ಪ್ರಯೋಗಾಲಯದ ಅಂಗಳದ ಬೆಕ್ಕಿಗೂ ಗೊತ್ತು ಎನ್ನುವುದು ಅವರದೇ ಮಾತು.

ಮೊದಲ ಪರೀಕ್ಷೆಗೆ ಎರಕ ಹೊಯ್ದ ದಿನ ಹೊಸ ಕಲ್ಲಿನ ಆರು ಅಚ್ಚು ಬೆಳಗ್ಗೆಯೇ ಕ್ರಮವಾಗಿ ಮುಗಿದವು. ಹಳೇ ಕಲ್ಲಿನದು ಉಜ್ಜುತ್ತ ಉಜ್ಜುತ್ತ ಮಧ್ಯಾಹ್ನವಾಯಿತು. ಸಮಿತಿಯವರು ನೋಡಲು ಬಂದು ನಿಂತಿದ್ದರು. ಮಿಕ್ಸರಿನಿಂದ ತಟ್ಟೆಗೆ ಸುರಿದ ಕಾಂಕ್ರೀಟು, ದಾಹದ ಕಲ್ಲಾದ್ದರಿಂದ, ನಿಮಿಷ ನಿಮಿಷಕ್ಕೂ ಬಿಗಿಯುತ್ತಿತ್ತು. ಅವಸರದಲ್ಲಿ ಮೊದಲೇ ಕಂಬಿ ನಿಲ್ಲಿಸಿಬಿಟ್ಟಿದ್ದ ಅಚ್ಚಿನೊಳಗೆ ಕೈಯಿಟ್ಟಾಗ ಐಸಕ್ಕನಿಗೆ ಎಣ್ಣೆ ಬಳಿಯದಿದ್ದುದು ಗೊತ್ತಾಯಿತು. ಕಂಬಿ ಕೀಳಲು ಹೊತ್ತಿರಲಿಲ್ಲ. ಬ್ರಷ್ ಅದ್ದಿ, ಕಂಬಿ ಇದ್ದಂತೆಯೇ ಆರು ಅಚ್ಚಿಗೂ ಸರಸರ ಬಳಿದುಬಿಟ್ಟರು. "ಕೈ ತಾನೇ ಮಾಡಿಬಿಡ್ತು," ಎನ್ನುತ್ತಾರೆ. "ಮೂವತ್ತು ವರ್ಷ ಕೈ ಮಾಡಿದ್ದನ್ನ ತಲೆ ಕೇಳಿರಲಿಲ್ಲ. ಅವತ್ತೂ ಕೇಳಲಿಲ್ಲ. ಸಾಯಂಕಾಲದ ಹೊತ್ತಿಗೆ ನನಗೆ ಅದು ನೆನಪೇ ಇಲ್ಲ."

ಇಪ್ಪತ್ತೆಂಟು ದಿನ ನೀರಲ್ಲಿ ಹದಗೊಂಡು, ಅರವತ್ತು ದಿನ ಪೆಟ್ಟಿಗೆಯಲ್ಲಿ ನಡುಗಿ ಹೊರಬಂದ ಆ ಗಟ್ಟಿಗಳ ಕಂಬಿಯನ್ನು ಯಂತ್ರ ಹಿಡಿದೆಳೆಯಿತು. ಈ ಎಳೆತದ ಅಳತೆ ಕಿಲೋನ್ಯೂಟನ್. ಹೆಸರು ಕೇಳಿ ಗಾಬರಿಯಾಗಬೇಕಿಲ್ಲ, ಪ್ರಯೋಗಾಲಯದಲ್ಲಿ ಇದಕ್ಕೆ ಬೇರೆ ಹೆಸರಿದೆ. ಹಳೇ ಆಸ್ಪತ್ರೆಯನ್ನು ಪುಡಿ ಮಾಡಿಕೊಟ್ಟ ಕ್ರಷರ್ ಯಜಮಾನರನ್ನು ಎಲ್ಲರೂ ಕರೆಯುವುದು ಪುಡಿ ಸಾಹುಕಾರರು ಎಂದು. ಕಿಲೋನ್ಯೂಟನ್ ಎಂದರೇನು ಎಂದು ಅವರು ಒಮ್ಮೆ ಕೇಳಿದಾಗ, ನೂರಾ ಎರಡು ಕೇಜಿ ತೂಗುಬಿದ್ದ ಹಾಗೆ ಎಂದು ಮುಖ್ಯ ಇಂಜಿನಿಯರ್ ವಿವರಿಸಿದರು. ಸಾಹುಕಾರರು ತಮಾಷೆಗೆ ತಕ್ಕಡಿ ಹತ್ತಿ ನಿಂತರು. ಮುಳ್ಳು ನೂರಾ ಎರಡಕ್ಕೇ ನಿಂತಿತು. ಅಂದಿನಿಂದ ಇಲ್ಲಿ ಕಂಬಿಯ ಹಿಡಿತವನ್ನು ಎಣಿಸುವುದು ಸಾಹುಕಾರರ ಲೆಕ್ಕದಲ್ಲಿ. ಸೇತುವೆಗೆ ಬೇಕಾದದ್ದು ಸರಾಸರಿ ನಲವತ್ತೆರಡು ಸಾಹುಕಾರರು, ಯಾವ ಒಂದು ಗಟ್ಟಿಯೂ ಮೂವತ್ತೆಂಟಕ್ಕಿಂತ ಕೆಳಗೆ ಇಳಿಯುವಂತಿಲ್ಲ. ಹೊಸ ಕಲ್ಲು ಐವತ್ತೊಂದು ಕೊಟ್ಟಿತು. ಹಳೇ ಕಲ್ಲು ಮೂವತ್ತಮೂರಕ್ಕೆ ಕೈಬಿಟ್ಟಿತು.

"ನಂಗೆ ನನ್ನ ಮೇಲೇ ಬೇಜಾರಾಯ್ತು," ಎನ್ನುತ್ತಾರೆ ಪುಡಿ ಸಾಹುಕಾರರು. "ನನ್ನಂಥವರು ಮೂವತ್ತಮೂರು ಜನ ಸೇರಿ ಎಳೆದ್ರೆ ಕಿತ್ತುಬರೋ ಸೇತುವೆ ಮೇಲೆ ಯಾರು ನಡೀತಾರೆ?"

ಅನರ್ಹ ಎಂದು ವರದಿ ಟೈಪಾಯಿತು. ಒಂದು ವಾರ ಕಳೆದ ಮೇಲೆ, ಒಡೆದ ಗಟ್ಟಿಗಳ ಚೂರುಗಳನ್ನು ಲಾರಿಗೆ ಹಾಕಲು ಐಸಕ್ಕ ಬೆಳಗ್ಗೆಯೇ ಹಿತ್ತಲಿಗೆ ಹೋದರು. ಇಬ್ಬನಿ ದಟ್ಟವಾಗಿ ಬಿದ್ದಿತ್ತು. ಎಲ್ಲ ಚೂರುಗಳೂ ಇಬ್ಬನಿ ಕುಡಿದು ಕಪ್ಪಾಗಿದ್ದವು. ಹಳೇ ಕಲ್ಲಿನ ಚೂರುಗಳಲ್ಲಿ, ಕಂಬಿ ಕೂತಿದ್ದ ತೋಡಿನಲ್ಲಿ ಮಾತ್ರ, ಎಣ್ಣೆಕಾಗದದ ಮೇಲೆ ನಿಂತ ಹಾಗೆ ಹನಿಗಳು ದುಂಡಗೆ ನಿಂತಿದ್ದವು. ಬೊಗಸೆ ಬೊಗಸೆ ನೀರು ಕುಡಿಯುವ ಕಲ್ಲು ಒಂದು ಹನಿ ಕುಡಿಯದೆ ಕೂತಿತ್ತು.

ಐಸಕ್ಕ ಬೆರಳಿನಿಂದ ಒಂದು ಹನಿ ಉಜ್ಜಿ ಮೂಸಿದರು. ಆಗ ಕೈಗೆ ತಾನು ಮಾಡಿದ್ದು ನೆನಪಾಯಿತು.

*

ಆ ಬೆಳಗ್ಗೆ ಮುಖ್ಯ ಇಂಜಿನಿಯರ್ ಕೋಣೆಯಲ್ಲಿ ನಡೆದದ್ದನ್ನು ಇಬ್ಬರೂ ಹೆಚ್ಚುಕಮ್ಮಿ ಒಂದೇ ಥರ ಹೇಳುತ್ತಾರೆ. ಐಸಕ್ಕ ಚೂರನ್ನು ಮೇಜಿನ ಮೇಲೆ, ಟೈಪಾದ ವರದಿಯ ಮೇಲೆಯೇ ಇಟ್ಟರು.

"ಸರ್, ಇದನ್ನ ಕಳಿಸ್ಬೇಡಿ. ಕಲ್ಲು ಸೋತಿಲ್ಲ. ನಾನು ಕಂಬಿಗೆ ಎಣ್ಣೆ ತಾಗಿಸಿದೀನಿ."

"ಏನಕ್ಕ ಹೀಗಂತೀರಾ? ನೀವಾ?"

"ನಾನೇ. ಆರಕ್ಕೆ ಆರೂ."

ಇಂಜಿನಿಯರ್ ಬಾಗಿಲು ಹಾಕಿ ಬಂದು ಕೂತರು. "ನೋಡಿ ಅಕ್ಕ, ಇನ್ನು ನಾಕು ತಿಂಗಳಿಗೆ ನಿಮ್ಮ ನಿವೃತ್ತಿ. ಮತ್ತೆ ಮಾಡೋಕೆ ಮೂರು ತಿಂಗಳು ಬೇಕು. ಸಮಿತಿಗೆ ಕಾರಣ ಹೇಳ್ಬೇಕು, ನಿಮ್ಮ ಕಡತಕ್ಕೆ ಎಚ್ಚರಿಕೆ ಪತ್ರ ಬರುತ್ತೆ. ಇದು ಯಾರ ಕಣ್ಣಿಗೂ ಬಿದ್ದಿಲ್ಲ."

"ಇಬ್ಬನಿ ಕಣ್ಣಿಗೆ ಬಿತ್ತಲ್ಲ ಸರ್."

"ಎಣ್ಣೆ ಇಲ್ಲದೇ ಇದ್ರೂ ಸೋಲ್ತಿತ್ತೇನೋ. ಯಾರಿಗೆ ಗೊತ್ತು?"

"ಅದೇ ಹೇಳಿದ್ದು ನಾನು. ಯಾರಿಗೂ ಗೊತ್ತಿಲ್ಲ. ಗೊತ್ತಿಲ್ಲದ್ದನ್ನ ಗೊತ್ತಿದೆ ಅಂತ ಬರೆದು ಕೂತಿದೀವಿ. ನೀವು ಅನರ್ಹ ಅಂತ ಬರೆದ್ರೆ ಮುಂದೆ ಯಾರೂ ಹಳೇ ಕಲ್ಲನ್ನ ಮುಟ್ಟಲ್ಲ. ಅದಕ್ಕೆ ಬಾಯಿಲ್ಲ ಸರ್, ನನಗಿದೆ."

'ತಾಂತ್ರಿಕ ಕಾರಣಗಳಿಂದ ಮರುಪರೀಕ್ಷೆ' ಎಂದು ಬರೆದು ಮುಗಿಸೋಣ ಎಂದರು ಇಂಜಿನಿಯರ್. ಐಸಕ್ಕ ಒಪ್ಪಲಿಲ್ಲ. ತಾಂತ್ರಿಕ ಕಾರಣವೆಂದರೆ ಸಮಿತಿಯವರು ಪುಡಿ ಸಾಹುಕಾರರ ಕೈವಾಡ ಎಂದುಕೊಳ್ಳುತ್ತಾರೆ, ಎಣ್ಣೆ ಎಂದರೆ ಎಣ್ಣೆ ಎಂದುಕೊಳ್ಳುತ್ತಾರೆ ಎಂಬುದು ಅವರ ವಾದ. ಹಾಗೆಯೇ ಬರೆದು ಕಳಿಸಿದರು. ಸಮಿತಿ ಒಂದೇ ಒಂದು ಮರುಪರೀಕ್ಷೆಗೆ ಒಪ್ಪಿತು. ಮೂವತ್ತೊಂದು ವರ್ಷದ ಕಡತದಲ್ಲಿ ಮೊದಲ ಎಚ್ಚರಿಕೆ ಪತ್ರವೂ ಬಂತು. ಅದನ್ನು ಐಸಕ್ಕ ಮನೆಗೆ ಒಯ್ದು ಗಂಡನಿಗೆ ಓದಿ ಹೇಳಿದರು.

ಗಂಡ ನಿವೃತ್ತರಾಗಿ ಆರು ವರ್ಷ. ಮನೆ ಎರಡು ಕೋಣೆಯದು. ಅಡುಗೆಮನೆಯ ಕಿಟಕಿಯಲ್ಲಿ ಐಸಕ್ಕ ಒಡೆದು ತಂದ ಕಾಂಕ್ರೀಟಿನ ಚೂರೊಂದು ಬಾಗಿಲು ಬಡಿಯದಂತೆ ತಡೆ ನಿಂತಿದೆ. ಹಳೇ ಆಸ್ಪತ್ರೆಯ ವಿಷಯದಲ್ಲಿ ಗಂಡನಿಗೂ ತಮ್ಮದೇ ಅಭಿಪ್ರಾಯವಿದೆ. "ನನ್ನ ಅಪೆಂಡಿಕ್ಸ್ ತೆಗೆದಿದ್ದು ಅಲ್ಲೇ. ಆಗ ನಾನು ಕೂಗಿದ ಕೂಗಿಗೆ ಬೀಳದ ಗೋಡೆ, ಚಳಿಗೆ ಬೀಳುತ್ತಾ?"

"ಸುಮ್ನಿರ್ರೀ, ಅದು ಬೇರೆ ಲೆಕ್ಕ," ಎನ್ನುತ್ತಾರೆ ಐಸಕ್ಕ.

"ಎಲ್ಲ ಒಂದೇ ಲೆಕ್ಕ ಕಣೇ. ನಲವತ್ತು ವರ್ಷ ಬಸ್ಸು ಓಡಿಸಿದೆ, ಒಂದು ಸಲ ಕಂಬಕ್ಕೆ ತಾಗಿಸಿದೆ. ನಾನೇ ತಾಗಿಸಿದೆ ಅಂತ ಬರ್ಕೊಟ್ಟೆ. ಕಂಬಾನೇ ಅಡ್ಡ ಬಂತು ಅಂತ ಬರೀರಿ ಅಂತ ಮೇಲಿನವರು ಎಷ್ಟು ಹೇಳಿದ್ರೂ ಬರೀಲಿಲ್ಲ." ಬರೆದುಕೊಳ್ಳುತ್ತಿದ್ದ ನನ್ನ ಕಡೆ ತಿರುಗಿ ಸೇರಿಸುತ್ತಾರೆ, "ಆದ್ರೆ ಅವಳು ಆ ಪೆಟ್ಟಿಗೆಗೆ ಮಾಡೋ ಸೇವೆಯಲ್ಲಿ ಅರ್ಧ ನಮ್ಮನೆ ಫ್ರಿಜ್ಜಿಗೆ ಮಾಡಿದ್ದಿದ್ರೆ ಅದು ಹೀಗೆ ನೀರು ಬಿಡ್ತಿರಲಿಲ್ಲ. ಇದನ್ನೂ ಬರ್ಕೊಳ್ಳಿ."

ಮರುಪರೀಕ್ಷೆಯ ಈ ಮೂರು ತಿಂಗಳಲ್ಲಿ ಐಸಕ್ಕ ಒಂದು ದಿನವೂ ರಜೆ ಹಾಕಿಲ್ಲ. ಅಚ್ಚುಗಳಿಗೆ ಎಣ್ಣೆ ಬಳಿದದ್ದು ಹಿಂದಿನ ದಿನ. ಕಂಬಿಯನ್ನು ಇಟ್ಟದ್ದು ಮಾರನೆಯ ದಿನ, ಎಣ್ಣೆ ತಾಗದಂತೆ ಕೈಗೆ ಹೊಸ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು. ಹೊಸ ಕಲ್ಲಿನ ಆರು ಗಟ್ಟಿಗಳನ್ನೂ ಮತ್ತೆ ಹೊಯ್ದರು. ಅದರ ಅಗತ್ಯವಿಲ್ಲ ಎಂದು ಇಂಜಿನಿಯರ್ ಹೇಳಿದಾಗ, "ಒಬ್ಬರನ್ನ ಮಾತ್ರ ಮತ್ತೆ ಪರೀಕ್ಷೆಗೆ ಕೂರಿಸಿದ್ರೆ ಅದು ಸಪ್ಲಿಮೆಂಟರಿ ಆಗುತ್ತೆ ಸರ್. ಇಬ್ಬರೂ ಕೂರ್ಲಿ," ಎಂದರು.

*

ಹತ್ತು ನಿಮಿಷ ಕಳೆದಿದೆ. ಐಸಕ್ಕ ಮುಚ್ಚಳ ಎತ್ತುತ್ತಾರೆ. ಒಳಗಿನಿಂದ ಒದ್ದೆ ಕಲ್ಲಿನ ವಾಸನೆ ಬರುತ್ತದೆ. ಮೊದಲು ಉದ್ದ ತುಂಡುಗಳು. ಒಂದೊಂದನ್ನೂ ಎರಡು ರಬ್ಬರ್ ಪಟ್ಟಿಯ ಮೇಲೆ ಮಲಗಿಸಿ, ಸಣ್ಣ ಸುತ್ತಿಗೆಯಿಂದ ತಟ್ಟುತ್ತಾರೆ. ಪಕ್ಕದ ಯಂತ್ರ ಆ ಸದ್ದನ್ನು ಅಳೆದು ಅಂಕಿ ತೋರಿಸುತ್ತದೆ. ಒಳಗೆ ಬಿರುಕು ಹೆಚ್ಚಿದಷ್ಟೂ ಸದ್ದು ಮಂದವಾಗುತ್ತದೆ, ಅಂಕಿ ಇಳಿಯುತ್ತದೆ. ಐಸಕ್ಕ ತಟ್ಟಿದೊಡನೆ ಒಂದು ಅಂಕಿ ಹೇಳುತ್ತಾರೆ, ಆಮೇಲೆ ಯಂತ್ರ ಹೇಳುತ್ತದೆ. ಹದಿನೆಂಟರಲ್ಲಿ ಹದಿನೈದು ಸಲ ಇಬ್ಬರ ಮಾತೂ ಹೆಚ್ಚುಕಮ್ಮಿ ಒಂದೇ. ಹೊಸ ಕಲ್ಲಿನಲ್ಲಿ ಮೊದಲಿನ ಗಟ್ಟಿತನದ ನೂರಕ್ಕೆ ತೊಂಬತ್ತೊಂದು ಪಾಲು ಉಳಿದಿದೆ. ಹಳೇ ಕಲ್ಲಿನಲ್ಲಿ ಎಂಬತ್ತನಾಲ್ಕು. ಅರವತ್ತಕ್ಕೆ ಇಳಿದರೆ ಮಾತ್ರ ಸೋಲು. ಬೆರೆಸುವಾಗ ಸೇರಿಸಿದ ನೊರೆಯ ಮದ್ದು ಒಳಗೆಲ್ಲ ಸೂಜಿಮೊನೆಯಷ್ಟು ಗುಳ್ಳೆಗಳನ್ನು ಬಿಟ್ಟಿದೆ. ಹೆಪ್ಪುಗಟ್ಟುವ ನೀರಿಗೆ ಅವೇ ಖಾಲಿ ಕೋಣೆಗಳು.

"ಚಳಿ ತಡ್ಕೊಂಡಿದೆ," ಎನ್ನುತ್ತಾರೆ. "ತಡ್ಕೊಳ್ಳೋದು ಬೇರೆ, ಹಿಡ್ಕೊಳ್ಳೋದು ಬೇರೆ. ಇನ್ನೊಂದು ಬಾಕಿ."

ಗಟ್ಟಿಗಳು ಕೋಣೆಯ ಬಿಸಿಗೆ ಬರಲು ಹನ್ನೊಂದು ಗಂಟೆಯವರೆಗೆ ಕಾಯಬೇಕು. ಅಷ್ಟರಲ್ಲಿ ಪುಡಿ ಸಾಹುಕಾರರು ಬಂದು ಬಾಗಿಲ ಬಳಿ ನಿಲ್ಲುತ್ತಾರೆ. ಒಳಗೆ ಬರಲು ಅನುಮತಿಯಿಲ್ಲ. ಬಾಗಿಲಲ್ಲಿ ನಿಲ್ಲಬಾರದು ಎಂದು ಎಲ್ಲೂ ಬರೆದಿಲ್ಲ. ಸಮಿತಿಯ ಪರವಾಗಿ ಒಬ್ಬರು ಕನ್ನಡಕದವರು ಬಂದು ಕುರ್ಚಿ ಹಿಡಿದಿದ್ದಾರೆ. ಮುಖ್ಯ ಇಂಜಿನಿಯರ್ ಅಂಕಿ ಬರೆದುಕೊಳ್ಳಲು ಪೆನ್ನು ಹಿಡಿದಿದ್ದಾರೆ. 

ಐಸಕ್ಕ ಮೊದಲ ಗಟ್ಟಿಯನ್ನು ಯಂತ್ರದ ಚೌಕಟ್ಟಿನಲ್ಲಿ ಕೂರಿಸಿ, ಹೊರಚಾಚಿದ ಕಂಬಿಗೆ ಹಿಡಿಕೆ ಬಿಗಿದು, ಗುಂಡಿ ಒತ್ತುತ್ತಾರೆ. ಮುಳ್ಳು ನಿಧಾನವಾಗಿ ಏರುತ್ತದೆ. ಇಪ್ಪತ್ತು. ಮೂವತ್ತು. ಮೂವತ್ತಮೂರನ್ನು ದಾಟುವಾಗ ಸಾಹುಕಾರರು ಉಸಿರು ಬಿಟ್ಟದ್ದು ಎಲ್ಲರಿಗೂ ಕೇಳಿಸುತ್ತದೆ. ನಲವತ್ತೇಳರಲ್ಲಿ ಟಕ್ ಎಂದು ಒಳಗಿನಿಂದ ಸದ್ದು ಬಂದು ಮುಳ್ಳು ಬೀಳುತ್ತದೆ.

"ನಲವತ್ತೇಳು," ಎಂದು ಇಂಜಿನಿಯರ್ ಬರೆದುಕೊಳ್ಳುತ್ತಾರೆ. ಎರಡನೆಯದು ನಲವತ್ತೈದು.

ಮೂರನೆಯದು ಮೂವತ್ತೊಂಬತ್ತಕ್ಕೇ ಟಕ್ ಎನ್ನುತ್ತದೆ.

ಕನ್ನಡಕದವರು ಮುಂದಕ್ಕೆ ಬಾಗುತ್ತಾರೆ. ಒಬ್ಬರೇ ಒಬ್ಬ ಸಾಹುಕಾರರ ಅಂತರದಲ್ಲಿ ಗಟ್ಟಿ ಉಳಿದಿದೆ. ಐಸಕ್ಕ ಗಟ್ಟಿಯನ್ನು ನೆಲದ ಮೇಲಿಟ್ಟು, ದೊಡ್ಡ ಸುತ್ತಿಗೆಯ ಎರಡು ಏಟಿಗೆ ಕಂಬಿಯ ಗುಂಟ ಸೀಳುತ್ತಾರೆ. ಕಂಬಿಯ ಏಣುಗಳು ಕೂತಿದ್ದ ತೋಡಿನಲ್ಲಿ ಬಾಚಣಿಗೆಯ ಹಲ್ಲಿನಂಥ ಗುರುತುಗಳಿವೆ. ಲೋಟದಲ್ಲಿ ಬೆರಳದ್ದಿ, ಆ ಗುರುತಿನ ಮೇಲೆ ಒಂದು ಹನಿ ಬಿಡುತ್ತಾರೆ. ಎಲ್ಲರ ಕಣ್ಣೂ ಆ ಹನಿಯ ಮೇಲೆ. ಹನಿ ಒಂದು ಕ್ಷಣ ಹೊಳೆದು, ಹರಡಿ, ಒಳಗಿಳಿದು ಕಪ್ಪು ಕಲೆಯಾಗುತ್ತದೆ.

"ಎಣ್ಣೆ ಇಲ್ಲ," ಎನ್ನುತ್ತಾರೆ ಐಸಕ್ಕ. ಮತ್ತೆ ಚೂರನ್ನು ಬೆಳಕಿಗೆ ಹಿಡಿದು ಉಗುರಿನಿಂದ ಕೆದಕುತ್ತಾರೆ. ಕಂಬಿಗೆ ಒತ್ತಿಕೊಂಡೇ ಹಳೇ ಗಾರೆಯ ಒಂದು ಉಂಡೆ ಸಿಕ್ಕಿದೆ, ಹಸಿರು ಬಣ್ಣದ ಚಕ್ಕೆ ಸಮೇತ. "ಇದು ಕಲ್ಲಿನದೇ ತಪ್ಪು. ಕಲ್ಲೇ ಅಲ್ಲ ಇದು, ಬರೀ ಗಾರೆ. ಬರ್ಕೊಳ್ಳಿ ಸರ್, ಮೂವತ್ತೊಂಬತ್ತು. ಇದನ್ನ ಬಿಡಬೇಡಿ."

"ಬಿಟ್ಟು ಇನ್ನೊಂದು ಎಳೆದ್ರೆ ಆಗಲ್ವಾ? ಇಷ್ಟು ಒಳ್ಳೇದಿದ್ದಾವಲ್ಲ ಉಳಿದವು," ಎಂದು ಬಾಗಿಲಿನಿಂದ ಸಾಹುಕಾರರು.

"ನೀವು ಬಾಗಿಲಲ್ಲೇ ಇರಿ ಸಾಹುಕಾರ್ರೇ," ಎನ್ನುತ್ತಾರೆ ಐಸಕ್ಕ ತಿರುಗದೆ. "ಆಮೇಲೆ ನಿಮ್ಮ ಕ್ರಷರಿನಲ್ಲಿ ಇಂಥ ಉಂಡೆ ಆರಿಸೋಕೆ ನಾಕು ಜನಾನ ನಿಲ್ಲಿಸಿ."

ನಾಲ್ಕನೆಯದು ನಲವತ್ತಾರು. ಐದನೆಯದು ನಲವತ್ತನಾಲ್ಕು. ಆರನೆಯದು ನಲವತ್ತೆಂಟರವರೆಗೆ ಹಿಡಿದುಕೊಂಡು ನಿಂತಾಗ ಐಸಕ್ಕ ಮೊದಲ ಸಲ ಗುಂಡಿಯಿಂದ ಕೈ ತೆಗೆದು ಸೊಂಟಕ್ಕೆ ಇಟ್ಟುಕೊಳ್ಳುತ್ತಾರೆ. ಇಂಜಿನಿಯರ್ ಎರಡು ಸಲ ಕೂಡಿ, ಒಂದು ಸಲ ಭಾಗಿಸಿ, ತಲೆಯೆತ್ತುತ್ತಾರೆ. ಸರಾಸರಿ ನಲವತ್ತನಾಲ್ಕೂ ಮುಕ್ಕಾಲು. ಮಧ್ಯಾಹ್ನ ಎಳೆದ ಹೊಸ ಕಲ್ಲಿನದು ಐವತ್ತೆರಡು. ಹಳೇ ಕಲ್ಲು ಹೊಸದನ್ನು ಸೋಲಿಸಿಲ್ಲ, ಅದರ ಸಮಕ್ಕೂ ಬಂದಿಲ್ಲ. ಸೇತುವೆಗೆ ಸಾಕಾಗುವಷ್ಟಿದೆ, ಅಷ್ಟೇ. ಕನ್ನಡಕದವರು ಎದ್ದು, ಏನೋ ದೊಡ್ಡ ಮಾತು ಹೇಳಲು ಹೊರಟವರು, "ಸರಿ ಹಾಗಾದ್ರೆ" ಎಂದಷ್ಟೇ ಹೇಳಿ ಸಹಿ ಹಾಕುತ್ತಾರೆ. ಸಾಹುಕಾರರು ಬಾಗಿಲಲ್ಲೇ ಕಣ್ಣೊರೆಸಿಕೊಳ್ಳುತ್ತ, ಧೂಳು ಹೆಚ್ಚು ಎನ್ನುತ್ತಾರೆ. ಧೂಳಿನಲ್ಲೇ ಬದುಕು ಸಾಗಿಸಿದವರು ಅವರು.

ಐಸಕ್ಕ ಆಗಲೇ ನೆಲ ಗುಡಿಸುತ್ತಿದ್ದಾರೆ.

ಸಂಜೆ ನಾಲ್ಕಕ್ಕೆ ಇಂಜಿನಿಯರ್ ವರದಿಯ ಕರಡು ಹಿಡಿದು ಬರುತ್ತಾರೆ. ಹದಿನಾಲ್ಕನೆಯ ಪುಟದಲ್ಲಿ ಒಂದು ಸಾಲಿಗೆ ಪೆನ್ಸಿಲಿನ ಗೆರೆ ಎಳೆದಿದ್ದಾರೆ. 'ಮೊದಲ ಸುತ್ತಿನ ಫಲಿತಾಂಶಗಳನ್ನು ಕೈಬಿಡಲಾಗಿದೆ. ಪ್ರಯೋಗಾಲಯ ಸಹಾಯಕಿಯ ಕೈತಪ್ಪಿನಿಂದ ಅಚ್ಚಿನ ಎಣ್ಣೆ ಕಂಬಿಗೆ ತಾಗಿತ್ತು.'

"ಅಕ್ಕ, ಈ 'ಸಹಾಯಕಿಯ' ಅನ್ನೋದನ್ನ ತೆಗೆದುಬಿಡ್ತೀನಿ. 'ಕೈತಪ್ಪಿನಿಂದ' ಅಂತಷ್ಟೇ ಇರ್ಲಿ. ಮುಂದಿನ ತಿಂಗಳು ಹೋಗ್ತಿದೀರಿ, ಯಾಕೆ ಸುಮ್ನೆ."

ಐಸಕ್ಕ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು, ಕಾಗದವನ್ನು ದೂರ ಹಿಡಿದು, ಆ ಸಾಲನ್ನು ತುಟಿಯಲ್ಲೇ ಎರಡು ಸಲ ಓದುತ್ತಾರೆ. ಅವರು ಎತ್ತಿಳಿಸಿದ ಕಾಂಕ್ರೀಟಿನ ಮೇಲೆ ಮೂವತ್ತೊಂದು ವರ್ಷದಲ್ಲಿ ಬರೆದ ವರದಿಗಳು ಮೇಲಿನ ಮಹಡಿಯ ಎರಡು ಬೀರು ತುಂಬಿವೆ. ಇಂಜಿನಿಯರ್‌ಗಳ ಹೆಸರಿದೆ, ಯಂತ್ರಗಳ ಹೆಸರಿದೆ, ಎಣ್ಣೆ ತಯಾರಿಸಿದವರ ಹೆಸರೂ ಇದೆ.

"ತೆಗೀಬೇಡಿ ಸರ್, ಇರ್ಲಿ," ಎನ್ನುತ್ತಾರೆ ಕಾಗದ ಹಿಂದಿರುಗಿಸುತ್ತ. "ಇಷ್ಟು ವರ್ಷ ಆ ಗಟ್ಟಿಗಳು ತಾವೇ ಎದ್ದು ಹೋಗಿ ಪೆಟ್ಟಿಗೆಯಲ್ಲಿ ಮಲಗಿ, ತಾವೇ ಬಂದು ಯಂತ್ರದಲ್ಲಿ ಕೂತ ಹಾಗೆ ಬರೀತಿದ್ರಿ. ಈ ಒಂದು ಸಾಲು ಓದಿದವರಿಗಾದ್ರೂ ಅಲ್ಲೊಬ್ಬಳು ಇದ್ಲು ಅಂತ ಗೊತ್ತಾಗ್ಲಿ."